ಚಿಕ್ಕ ಮಕ್ಕಳೊಂದಿಗೆ ಮತ್ಸ್ಯಾಲಯ ಭೇಟಿ: ಪೋಷಕರಿಗೆ ಹಾಗೂ ಶಾಲೆಗಳಿಗೆ ಮಾಹಿತಿ

1. ಪೀಠಿಕೆ

ಮತ್ಸ್ಯಾಲಯವು ಚಿಕ್ಕ ಮಕ್ಕಳಿಗೆ ಅತ್ಯಂತ ಹತ್ತಿರದಿಂದ ಜೀವಿಗಳನ್ನು ತೋರಿಸಬಲ್ಲ ಸ್ಥಳವಾಗಿದೆ. ಮೃಗಾಲಯದಲ್ಲಿ ಪ್ರಾಣಿಗೂ ಮಗುವಿಗೂ ನಡುವೆ ಕಂದಕ, ಬೇಲಿ ಮತ್ತು ದೂರ ಇರುತ್ತವೆ. ಮತ್ಸ್ಯಾಲಯದಲ್ಲಿ ಮಗುವಿನ ಮುಖಕ್ಕೂ ಮೀನಿನ ಮುಖಕ್ಕೂ ನಡುವೆ ಇರುವುದು ಒಂದು ಗಾಜು ಮಾತ್ರ. ಈ ಸಾಮೀಪ್ಯವೇ ಮತ್ಸ್ಯಾಲಯದ ವಿಶೇಷವಾಗಿದ್ದು, ಅಲ್ಲಿ ಪಾಲಿಸಬೇಕಾದ ಎಲ್ಲ ನಿಯಮಗಳಿಗೂ ಇದೇ ಮೂಲ ಕಾರಣವಾಗಿದೆ.

ಗಾಜಿನ ತೊಟ್ಟಿಯಲ್ಲಿರುವ ಮೀನು ತನ್ನ ನೀರು, ಗಾಳಿ, ಆಹಾರ, ಬೆಳಕು ಮತ್ತು ಉಷ್ಣತೆಗಾಗಿ ಸಂಪೂರ್ಣವಾಗಿ ಮನುಷ್ಯನನ್ನೇ ಅವಲಂಬಿಸಿರುತ್ತದೆ. ಈ ಒಂದು ವಿಷಯವು ಮಗುವಿನ ಮನಸ್ಸಿಗೆ ತಲುಪಿದಲ್ಲಿ ಭೇಟಿಯು ಸಾರ್ಥಕವಾದಂತೆ. ಈ ಉದ್ದೇಶದಿಂದ ಭೇಟಿಗೆ ಮುನ್ನ, ಭೇಟಿಯ ಸಮಯದಲ್ಲಿ ಹಾಗೂ ಮನೆಗೆ ಹಿಂದಿರುಗಿದ ನಂತರ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ. ಎಂಟು ವರ್ಷದೊಳಗಿನ ಮಕ್ಕಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡು ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ.

2. ಹಿನ್ನೆಲೆ

ಮೀನುಗಳನ್ನು ಕುತೂಹಲದಿಂದ ಗಮನಿಸಿ ವರ್ಗೀಕರಿಸುವ ಪರಂಪರೆಯು ಕರ್ನಾಟಕಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವಿದ್ದು, ಅದರಲ್ಲಿ ಮೀನುಗಳ ಬಗೆಗಳು, ಅವುಗಳ ಆಹಾರ ಮತ್ತು ಗಾಳ ಹಾಕುವ ವಿಧಾನಗಳ ವಿವರಣೆ ದೊರೆಯುತ್ತದೆ. ಶೃಂಗೇರಿಯ ತುಂಗಾ ನದಿಯ ಮೆಟ್ಟಿಲುಗಳ ಬಳಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಹಾಗೂ ಕಾವೇರಿ ತೀರದ ರಾಮನಾಥಪುರದಲ್ಲಿ ದೇವಾಲಯಗಳ ಆಶ್ರಯದಲ್ಲಿ ನದಿಯ ಮೀನುಗಳು ರಕ್ಷಿಸಲ್ಪಟ್ಟಿವೆ. ಅನೇಕ ಮಕ್ಕಳು ಮೀನನ್ನು ಮೊದಲ ಬಾರಿಗೆ ನೋಡುವುದು ಇಂತಹ ಮೆಟ್ಟಿಲುಗಳ ಮೇಲೆ ನಿಂತೇ ಆಗಿದೆ.

ಗಾಜಿನ ತೊಟ್ಟಿಗಳಲ್ಲಿ ಮೀನುಗಳನ್ನಿರಿಸಿ ಸಾರ್ವಜನಿಕರಿಗೆ ತೋರಿಸುವ ಆಧುನಿಕ ಪದ್ಧತಿಯು 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಆರಂಭವಾಯಿತು. ಭಾರತದಲ್ಲಿ 1909ರಲ್ಲಿ ಮದರಾಸಿನ ಸಮುದ್ರ ತೀರದಲ್ಲಿ ಹಾಗೂ 1951ರಲ್ಲಿ ಮುಂಬಯಿಯಲ್ಲಿ ಮತ್ಸ್ಯಾಲಯಗಳು ಪ್ರಾರಂಭಗೊಂಡವು. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಗೆ ಹೊಂದಿಕೊಂಡಂತೆ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯವು ನಗರದ ಹಲವು ತಲೆಮಾರುಗಳ ಮಕ್ಕಳಿಗೆ ಪರಿಚಿತವಾದದ್ದು.

3. ಭೇಟಿಗೆ ಮುನ್ನ

(ಅ) ತೆರೆದಿರುವುದನ್ನು ಖಚಿತಪಡಿಸಿಕೊಳ್ಳುವುದು: ಮತ್ಸ್ಯಾಲಯಗಳ ಕಟ್ಟಡದಲ್ಲಿ ಸದಾ ನೀರು ಮತ್ತು ತೇವಾಂಶ ಇರುವುದರಿಂದ ದುರಸ್ತಿಯ ಅಗತ್ಯವು ಇತರ ಕಟ್ಟಡಗಳಿಗಿಂತ ಹೆಚ್ಚು. ನವೀಕರಣ ಕಾಮಗಾರಿಗಾಗಿ ಸಾರ್ವಜನಿಕ ಪ್ರವೇಶವನ್ನು ದೀರ್ಘಕಾಲ ಸ್ಥಗಿತಗೊಳಿಸುವ ಸಂದರ್ಭಗಳೂ ಉಂಟು. ಆದ್ದರಿಂದ ಹೊರಡುವ ಮುನ್ನ ಸಂಬಂಧಪಟ್ಟ ಮತ್ಸ್ಯಾಲಯವನ್ನು ಅಥವಾ ಕಚೇರಿಯನ್ನು ದೂರವಾಣಿ ಮೂಲಕ ಸಂಪರ್ಕಿಸಿ, ಪ್ರವೇಶದ ದಿನ, ಸಮಯ, ವಾರದ ರಜೆ ಹಾಗೂ ಶುಲ್ಕವನ್ನು ತಿಳಿದುಕೊಳ್ಳುವುದು ಸೂಕ್ತ. ಮುಚ್ಚಿದ ಬಾಗಿಲಿನ ಮುಂದೆ ನಿರಾಶೆಗೊಂಡ ಮಗುವನ್ನು ಸಮಾಧಾನಪಡಿಸುವುದಕ್ಕಿಂತ ಒಂದು ದೂರವಾಣಿ ಕರೆ ಸುಲಭ.

(ಆ) ಸಮಯದ ಆಯ್ಕೆ: ಭಾನುವಾರ, ಸಾರ್ವಜನಿಕ ರಜೆ ಹಾಗೂ ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಜನಸಂದಣಿ ಹೆಚ್ಚಾಗಿರುತ್ತದೆ. ಸಣ್ಣ ಮತ್ಸ್ಯಾಲಯದ ಓಣಿಗಳು ಕಿರಿದಾಗಿರುವುದರಿಂದ ಸಂದಣಿಯಲ್ಲಿ ಚಿಕ್ಕ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ. ಸಾಧ್ಯವಾದಲ್ಲಿ ವಾರದ ಕೆಲಸದ ದಿನದಂದು, ಪ್ರವೇಶ ಆರಂಭವಾದ ಮೊದಲ ಗಂಟೆಯಲ್ಲಿ ಭೇಟಿ ನೀಡುವುದು ಉತ್ತಮ. ಮಗುವಿನ ಊಟ ಮತ್ತು ನಿದ್ರೆಯ ವೇಳೆಯನ್ನು ತಪ್ಪಿಸತಕ್ಕದ್ದು.

(ಇ) ಒಂದೇ ದಿನ ಎಲ್ಲವನ್ನೂ ನೋಡುವ ಯೋಜನೆ ಬೇಡ: ಕಬ್ಬನ್ ಉದ್ಯಾನದ ಆಸುಪಾಸಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಚಿತ್ರಶಾಲೆ, ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಹಾಗೂ ಬಾಲಭವನಗಳಿವೆ. ದೂರದ ಊರಿನಿಂದ ಬಂದ ಕುಟುಂಬಗಳು ಇವೆಲ್ಲವನ್ನೂ ಒಂದೇ ದಿನದಲ್ಲಿ ನೋಡಲು ಯತ್ನಿಸುವುದು ಸಹಜ. ಆದರೆ ಐದು ವರ್ಷದೊಳಗಿನ ಮಗುವಿಗೆ ಒಂದು ಮತ್ಸ್ಯಾಲಯ ಮತ್ತು ಉದ್ಯಾನದ ಮರದ ನೆರಳಿನಲ್ಲಿ ಒಂದು ಗಂಟೆ ಸಾಕಾಗುತ್ತದೆ.

(ಈ) ಕೊಂಡೊಯ್ಯಬೇಕಾದ ವಸ್ತುಗಳು: ಕುಡಿಯುವ ನೀರು, ಒಂದು ಜೊತೆ ಬದಲಿ ಉಡುಪು, ಕೈವಸ್ತ್ರ, ಜಾರದ ಪಾದರಕ್ಷೆ. ತಳ್ಳುಗಾಡಿಗಳಿಗೆ ಕಿರಿದಾದ ಓಣಿ ಮತ್ತು ಮೆಟ್ಟಿಲುಗಳಲ್ಲಿ ಅನುಕೂಲವಾಗದಿರಬಹುದಾದ್ದರಿಂದ ಎಳೆಯ ಮಕ್ಕಳನ್ನು ಎತ್ತಿಕೊಳ್ಳುವ ಸಿದ್ಧತೆ ಇರಲಿ. ತಿಂಡಿಯನ್ನು ಹೊರಗಿನ ಉದ್ಯಾನದಲ್ಲಿ ಮುಗಿಸಿ ಒಳಗೆ ಪ್ರವೇಶಿಸುವುದು.

(ಉ) ವಿಶೇಷಚೇತನರು ಮತ್ತು ಹಿರಿಯ ನಾಗರಿಕರು: ಹಳೆಯ ಕಟ್ಟಡಗಳಲ್ಲಿ ಮೇಲಂತಸ್ತಿಗೆ ಮೆಟ್ಟಿಲು ಮಾತ್ರ ಇರಬಹುದು. ಗಾಲಿಕುರ್ಚಿಯ ಅಗತ್ಯವಿರುವವರು ಇಳಿಜಾರು ಮಾರ್ಗ ಮತ್ತು ಶೌಚಾಲಯದ ಬಗ್ಗೆ ಮುಂಚಿತವಾಗಿ ವಿಚಾರಿಸಿಕೊಳ್ಳಲು ಕೋರಲಾಗಿದೆ.

4. ಶಾಲೆ ಮತ್ತು ಅಂಗನವಾಡಿಗಳ ಗುಂಪು ಭೇಟಿ

ಗುಂಪಾಗಿ ಭೇಟಿ ನೀಡಲು ಇಚ್ಛಿಸುವ ಸಂಸ್ಥೆಗಳು ಮುಖ್ಯೋಪಾಧ್ಯಾಯರ ಸಹಿ ಮತ್ತು ಮೊಹರು ಸಹಿತವಾದ ಮನವಿ ಪತ್ರವನ್ನು ಮತ್ಸ್ಯಾಲಯದ ಉಸ್ತುವಾರಿ ಅಧಿಕಾರಿಗೆ ಮುಂಚಿತವಾಗಿ ಸಲ್ಲಿಸುವುದು ಅನುಕೂಲಕರ. ಪತ್ರದಲ್ಲಿ ಈ ಕೆಳಕಂಡ ವಿವರಗಳಿದ್ದಲ್ಲಿ ವ್ಯವಸ್ಥೆ ಮಾಡುವುದು ಸುಲಭವಾಗುತ್ತದೆ:

– ಶಾಲೆಯ ಹೆಸರು, ವಿಳಾಸ, ತರಗತಿ
– ಮಕ್ಕಳ ಸಂಖ್ಯೆ ಹಾಗೂ ಜೊತೆಯಲ್ಲಿ ಬರುವ ಶಿಕ್ಷಕರ ಸಂಖ್ಯೆ
– ಭೇಟಿಯ ದಿನಾಂಕ, ತಲುಪುವ ಅಂದಾಜು ಸಮಯ, ಪರ್ಯಾಯ ದಿನಾಂಕ
– ವಿಶೇಷ ಗಮನ ಅಗತ್ಯವಿರುವ ಮಕ್ಕಳ ವಿವರ
– ಜವಾಬ್ದಾರಿ ಹೊತ್ತ ಶಿಕ್ಷಕರೊಬ್ಬರ ದೂರವಾಣಿ ಸಂಖ್ಯೆ

ಪೂರ್ವ ಪ್ರಾಥಮಿಕ ಹಂತದಲ್ಲಿ ಐದು ಮಕ್ಕಳಿಗೆ ಒಬ್ಬರಂತೆ, ಒಂದರಿಂದ ಮೂರನೆಯ ತರಗತಿಯವರೆಗೆ ಎಂಟು ಮಕ್ಕಳಿಗೆ ಒಬ್ಬರಂತೆ ವಯಸ್ಕರಿರುವುದು ಅಪೇಕ್ಷಣೀಯ. ಅರವತ್ತು ಮಕ್ಕಳು ಒಮ್ಮೆಲೇ ಒಳನುಗ್ಗುವ ಬದಲು ಹದಿನೈದು ಮಕ್ಕಳ ನಾಲ್ಕು ತಂಡಗಳಾಗಿ, ಒಂದು ತಂಡ ಒಳಗಿರುವಾಗ ಉಳಿದವು ಉದ್ಯಾನದಲ್ಲಿರುವಂತೆ ಯೋಜಿಸಿದಲ್ಲಿ ಪ್ರತಿ ಮಗುವಿಗೂ ಗಾಜಿನ ಮುಂದೆ ನಿಲ್ಲಲು ಅವಕಾಶ ದೊರೆಯುತ್ತದೆ.

5. ನೋಡುವ ಕ್ರಮ

ಸಣ್ಣ ಮತ್ಸ್ಯಾಲಯವೊಂದನ್ನು ವೇಗವಾಗಿ ನಡೆದು ಹತ್ತು ನಿಮಿಷದಲ್ಲಿ ಮುಗಿಸಬಹುದು. ಆಗ ಮಗುವಿನ ನೆನಪಿನಲ್ಲಿ ಏನೂ ಉಳಿಯುವುದಿಲ್ಲ. ಎಲ್ಲ ತೊಟ್ಟಿಗಳನ್ನೂ ಒಮ್ಮೆ ಸುತ್ತಿ ಬಂದು, ಮಗುವಿಗೆ ಇಷ್ಟವಾದ ಎರಡು ಅಥವಾ ಮೂರು ತೊಟ್ಟಿಗಳ ಮುಂದೆ ತಲಾ ಐದು ನಿಮಿಷ ನಿಲ್ಲುವುದು ಹೆಚ್ಚು ಫಲಕಾರಿ. ಒಟ್ಟು 30ರಿಂದ 45 ನಿಮಿಷ ಸಾಕು.

ಮೂರು ವರ್ಷದೊಳಗಿನ ಮಕ್ಕಳು ಬಣ್ಣ ಮತ್ತು ಚಲನೆಯನ್ನಷ್ಟೇ ಗಮನಿಸುತ್ತಾರೆ. ಅವರಿಗೆ ವಿವರಣೆಯ ಅಗತ್ಯವಿಲ್ಲ. ಕೆಲವು ಮಕ್ಕಳು ಮಂದ ಬೆಳಕಿಗೆ ಅಥವಾ ದೊಡ್ಡ ಮೀನು ಹಠಾತ್ತನೆ ಎದುರಾದಾಗ ಅಂಜುತ್ತಾರೆ. ಅಂತಹ ಮಗುವನ್ನು ಒತ್ತಾಯದಿಂದ ಗಾಜಿನ ಬಳಿಗೆ ಒಯ್ಯದೆ, ಎತ್ತಿಕೊಂಡು ದೂರದಿಂದ ತೋರಿಸುವುದು. ಮೂರರಿಂದ ಐದು ವರ್ಷದ ಮಕ್ಕಳಿಗೆ "ಯಾವ ಮೀನು ಅವಿತುಕೊಂಡಿದೆ?", "ಯಾವುದು ನೆಲದ ಮೇಲೆ ಕುಳಿತಿದೆ?" ಎಂಬಂತಹ ಪ್ರಶ್ನೆಗಳನ್ನು ಕೇಳಬಹುದು. ಆರರಿಂದ ಎಂಟು ವರ್ಷದ ಮಕ್ಕಳು ಈ ಕೆಳಗಿನ ಮೂರು ಅವಲೋಕನಗಳನ್ನು ತಾವೇ ಮಾಡಬಲ್ಲರು.

ಮೊದಲನೆಯದು, ಉಸಿರಾಟ. ಮೀನು ಬಾಯಿಯ ಮೂಲಕ ನೀರನ್ನು ಒಳಗೆಳೆದು ಕಿವಿರುಗಳ ಮೂಲಕ ಹೊರಬಿಡುತ್ತದೆ. ನೀರಿನಲ್ಲಿ ಕರಗಿದ ಆಮ್ಲಜನಕವು ಕಿವಿರಿನಲ್ಲಿ ರಕ್ತವನ್ನು ಸೇರುತ್ತದೆ. ಒಂದು ಮೀನಿನ ಕಿವಿರು ಮುಚ್ಚಳ ಎಷ್ಟು ಸಲ ತೆರೆಯುತ್ತದೆಂದು ಎಣಿಸಿ, ಮಗು ತನ್ನ ಉಸಿರಿನೊಂದಿಗೆ ಹೋಲಿಸಬಹುದು.

ಎರಡನೆಯದು, ಕಣ್ಣು. ಸಾಮಾನ್ಯವಾಗಿ ಮೀನುಗಳಿಗೆ ಕಣ್ಣಿನ ರೆಪ್ಪೆ ಇರುವುದಿಲ್ಲ. ಅವು ವಿಶ್ರಾಂತಿಯಲ್ಲಿರುವಾಗಲೂ ಕಣ್ಣು ತೆರೆದೇ ಇರುತ್ತದೆ.

ಮೂರನೆಯದು, ಬಾಯಿ. ಮೀನಿನ ಬಾಯಿಯ ಆಕಾರವು ಅದು ಎಲ್ಲಿ ಮೇಯುತ್ತದೆ ಎಂಬುದನ್ನು ತಿಳಿಸುತ್ತದೆ. ನಮ್ಮ ಕೆರೆಗಳಲ್ಲಿ ಸಾಕಲಾಗುವ ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದ್ದು, ಅದು ನೀರಿನ ಮೇಲ್ಪದರದಲ್ಲಿ ಆಹಾರ ಹುಡುಕುತ್ತದೆ. ರೋಹು ನಡುವಿನ ಪದರದಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯುತ್ತವೆ. ಈ ಮೂರನ್ನೂ ಒಂದೇ ಕೆರೆಯಲ್ಲಿ ಒಟ್ಟಿಗೆ ಸಾಕಲು ಸಾಧ್ಯವಾಗಿರುವುದು ಈ ಕಾರಣದಿಂದಲೇ.

ತೊಟ್ಟಿಯಲ್ಲಿ ಕಂಡ ಮೀನು ನಿಜವಾಗಿಯೂ ಅಷ್ಟೇ ದೊಡ್ಡದೇ ಎಂದು ಮಕ್ಕಳು ಕೇಳುವುದುಂಟು. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ, ಗಾಜಿನ ಹಿಂದೆ ಇರುವ ಮೀನು ತನ್ನ ನಿಜವಾದ ದೂರದ ಸುಮಾರು ಮುಕ್ಕಾಲು ಭಾಗದಲ್ಲಿಯೇ ಇರುವಂತೆ ಕಾಣುತ್ತದೆ. ಹೀಗಾಗಿ ಅದು ಇರುವುದಕ್ಕಿಂತ ಹತ್ತಿರವಾಗಿಯೂ ದೊಡ್ಡದಾಗಿಯೂ ತೋರುತ್ತದೆ.

6. ಸಾಮಾನ್ಯವಾಗಿ ಕಾಣಸಿಗುವ ಮೀನುಗಳು

ಚಿನ್ನದ ಮೀನು: ಚೀನಾ ದೇಶದಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗೆಂಡೆ ಜಾತಿಯ ಸಾಧಾರಣ ಬಣ್ಣದ ಮೀನಿನಿಂದ ಆಯ್ದು ಬೆಳೆಸಿದ ತಳಿ. ಸೂಕ್ತ ಪಾಲನೆಯಲ್ಲಿ ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲದು.

ಗಪ್ಪಿ: ಅತಿ ಚಿಕ್ಕ ಮೀನು. ಹೆಚ್ಚಿನ ಮೀನುಗಳಂತೆ ಹೊರಗೆ ಮೊಟ್ಟೆಯಿಡದೆ ನೇರವಾಗಿ ಮರಿಗಳಿಗೆ ಜನ್ಮ ನೀಡುತ್ತದೆ. ಬಾಲದ ಬಣ್ಣ ಎದ್ದು ಕಾಣುವವು ಗಂಡು ಮೀನುಗಳು.

ಫೈಟರ್ ಮೀನು: ಆಗ್ನೇಯ ಏಷ್ಯಾ ಮೂಲದ್ದು. ಕಿವಿರಿನ ಜೊತೆಗೆ, ನೀರಿನ ಮೇಲೆ ಬಂದು ಗಾಳಿಯನ್ನೇ ಉಸಿರಾಡುವ ಅಂಗವೂ ಇದಕ್ಕಿದೆ. ಎರಡು ಗಂಡು ಮೀನುಗಳು ಒಂದೆಡೆ ಇದ್ದಲ್ಲಿ ಕಾದಾಡುವುದರಿಂದ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ನಮ್ಮ ಕೆರೆಗಳ ಕೊರವ ಮೀನು ಕೂಡ ಇದೇ ರೀತಿ ಗಾಳಿಯನ್ನು ಉಸಿರಾಡಬಲ್ಲದು.

ಏಂಜಲ್ ಮೀನು: ದಕ್ಷಿಣ ಅಮೆರಿಕದ ಅಮೆಜಾನ್ ನದಿ ಪ್ರದೇಶದ್ದು. ತಟ್ಟೆಯಂತಹ ಚಪ್ಪಟೆ ದೇಹವು ಜಲಸಸ್ಯಗಳ ನಡುವೆ ಸುಲಭವಾಗಿ ನುಸುಳಲು ನೆರವಾಗುತ್ತದೆ.

ಕ್ಲೌನ್ ಮೀನು: ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟಿಗಳಿರುವ ಸಮುದ್ರದ ಮೀನು. ಕುಟುಕುವ ಕಡಲ ಹೂವಿನ ನಡುವೆ ವಾಸಿಸುತ್ತದೆ. ಇದಕ್ಕೆ ಸಮುದ್ರದಷ್ಟೇ ಉಪ್ಪಿರುವ ನೀರು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಲವಣಾಂಶ ಬೇಕು. ಸಮುದ್ರದಿಂದ ದೂರವಿರುವ ಊರುಗಳಲ್ಲಿ ಇಂತಹ ತೊಟ್ಟಿಗಳ ನಿರ್ವಹಣೆ ದುಬಾರಿಯಾಗಿರುವುದರಿಂದ ಅವುಗಳ ಸಂಖ್ಯೆ ಕಡಿಮೆ ಇರುತ್ತದೆ.

ಡೆನಿಸನ್ ಬಾರ್ಬ್: ಪಶ್ಚಿಮ ಘಟ್ಟದ ತೊರೆಗಳ ಮೀನು. ದೇಹದ ಮೇಲೆ ಕೆಂಪು ಮತ್ತು ಕಪ್ಪು ಪಟ್ಟಿಗಳಿವೆ. ಅಲಂಕಾರಿಕ ಮೀನಿನ ವ್ಯಾಪಾರಕ್ಕಾಗಿ ಅತಿಯಾಗಿ ಹಿಡಿದ ಕಾರಣ ಅಳಿವಿನಂಚಿಗೆ ತಲುಪಿದ ಮೀನುಗಳ ಪಟ್ಟಿಯಲ್ಲಿ ಇದು ಸೇರಿದೆ. ದೂರದ ದೇಶದ ಮೀನುಗಳನ್ನು ಮೆಚ್ಚುವ ಮಗುವಿಗೆ ನಮ್ಮ ಘಟ್ಟದ ಈ ಮೀನನ್ನೂ ತಪ್ಪದೆ ತೋರಿಸುವುದು.

7. ನಿಯಮಗಳು ಮತ್ತು ಅವುಗಳ ಕಾರಣಗಳು

ಫಲಕಗಳಲ್ಲಿ "ಬಾರದು" ಎಂದಷ್ಟೇ ಬರೆದಿರುತ್ತದೆ. ಕಾರಣ ತಿಳಿದ ಮಗು ನಿಯಮವನ್ನು ತಾನೇ ಪಾಲಿಸುವುದಲ್ಲದೆ ಪಕ್ಕದಲ್ಲಿರುವ ದೊಡ್ಡವರಿಗೂ ನೆನಪಿಸುತ್ತದೆ. ಆದ್ದರಿಂದ ಕಾರಣಗಳನ್ನು ಇಲ್ಲಿ ನೀಡಲಾಗಿದೆ.

(ಅ) ಗಾಜನ್ನು ತಟ್ಟಬಾರದು. ಮೀನಿನ ದೇಹದ ಎರಡೂ ಬದಿಯಲ್ಲಿ ಪಾರ್ಶ್ವರೇಖೆ ಎಂಬ ಅಂಗವಿದ್ದು, ಅದರಿಂದ ನೀರಿನ ಅತಿ ಸಣ್ಣ ಕಂಪನವನ್ನೂ ಮೀನು ಅರಿಯುತ್ತದೆ. ಹೊರಗೆ ಸಣ್ಣದಾಗಿ ಕೇಳುವ ತಟ್ಟುವಿಕೆಯು ಒಳಗಿನ ಮೀನಿಗೆ ದೊಡ್ಡ ಆಘಾತವಾಗುತ್ತದೆ. ದಿನವೊಂದಕ್ಕೆ ನೂರು ಮಕ್ಕಳು ಒಂದೊಂದು ಸಲ ತಟ್ಟಿದರೂ ಆ ಮೀನಿನ ಪಾಲಿಗೆ ಅದು ನೂರು ಸಲ. ಅದಕ್ಕೆ ಓಡಿಹೋಗಲು ಬೇರೆ ಸ್ಥಳವಿಲ್ಲ.

(ಆ) ಫ್ಲ್ಯಾಷ್ ಬಳಸಿ ಛಾಯಾಚಿತ್ರ ತೆಗೆಯಬಾರದು. ರೆಪ್ಪೆಯಿಲ್ಲದ ಕಣ್ಣಿಗೆ ಹಠಾತ್ ಬೆಳಕಿನಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಬೆದರಿದ ಮೀನು ಗಾಜಿಗೋ ಕಲ್ಲಿಗೋ ಬಡಿದು ಗಾಯಗೊಳ್ಳಬಹುದು. ಅಲ್ಲದೆ ಗಾಜಿನಲ್ಲಿ ಫ್ಲ್ಯಾಷ್ ಪ್ರತಿಫಲಿಸುವುದರಿಂದ ಚಿತ್ರವೂ ಸರಿಯಾಗಿ ಬರುವುದಿಲ್ಲ.

(ಇ) ಯಾವುದೇ ಆಹಾರ ಹಾಕಬಾರದು. ಶೃಂಗೇರಿಯಲ್ಲಿ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದ ಮಗು ಮತ್ಸ್ಯಾಲಯದಲ್ಲಿಯೂ ಹಾಕಲು ಬಯಸುವುದು ಸಹಜ. ಎರಡಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ತಿಳಿಸಬಹುದು: ನದಿಯು ಹರಿಯುತ್ತದೆ, ತಿನ್ನದೆ ಉಳಿದದ್ದು ನೀರಿನೊಂದಿಗೆ ಮುಂದೆ ಹೋಗುತ್ತದೆ. ತೊಟ್ಟಿಯ ನೀರು ಎಲ್ಲಿಗೂ ಹೋಗುವುದಿಲ್ಲ. ಉಳಿದ ಆಹಾರ ಅಲ್ಲಿಯೇ ಕೊಳೆತು ಅಮೋನಿಯಾ ಉಂಟಾಗಿ, ಆ ನೀರನ್ನೇ ಉಸಿರಾಡುವ ಮೀನಿಗೆ ವಿಷವಾಗುತ್ತದೆ.

(ಈ) ಕೈ ಅಥವಾ ವಸ್ತುಗಳನ್ನು ನೀರಿನಲ್ಲಿ ಅದ್ದಬಾರದು. ಕೈಯಲ್ಲಿರುವ ಸಾಬೂನು, ಎಣ್ಣೆ, ಸೊಳ್ಳೆ ನಿವಾರಕ ಮುಲಾಮು ಮುಂತಾದವು ಮೀನಿಗೆ ಹಾನಿಕರ. ತೆರೆದ ಕೊಳಕ್ಕೆ ನಾಣ್ಯ ಎಸೆಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬಾರದು. ನಾಣ್ಯದ ಲೋಹವು ನೀರಿನಲ್ಲಿ ಕರಗಿ ಮೀನಿಗೆ ಅಪಾಯ ಉಂಟುಮಾಡಬಹುದು.

(ಉ) ಓಡುವುದು, ಕೂಗುವುದು ಬೇಡ. ನೆಲವು ಒದ್ದೆಯಾಗಿರುವ ಸಂಭವವಿದೆ.

8. ಮಕ್ಕಳ ಸುರಕ್ಷತೆ

ಮತ್ಸ್ಯಾಲಯದ ಒಳಗೆ ತೊಟ್ಟಿಗಳು ಬೆಳಗಿ ಓಣಿಯು ಮಂದವಾಗಿರುತ್ತದೆ. ಪೋಷಕರ ಗಮನವೂ ತೊಟ್ಟಿಯ ಕಡೆಗೇ ಇರುವುದರಿಂದ ಚಿಕ್ಕ ಮಗು ಗುಂಪಿನಲ್ಲಿ ಬೇರೆಯವರೊಂದಿಗೆ ಮುಂದೆ ಸಾಗಿಬಿಡುವ ಸಾಧ್ಯತೆ ಹೆಚ್ಚು. ಇಬ್ಬರು ವಯಸ್ಕರಿದ್ದಲ್ಲಿ, ಯಾವ ಮಗು ಯಾರ ಜವಾಬ್ದಾರಿ ಎಂಬುದನ್ನು ಬಾಗಿಲಿನಲ್ಲಿಯೇ ನಿರ್ಧರಿಸಿಕೊಳ್ಳುವುದು. "ಅವರು ನೋಡುತ್ತಿದ್ದಾರೆ" ಎಂದು ಇಬ್ಬರೂ ಭಾವಿಸಿದಾಗಲೇ ಮಗು ತಪ್ಪಿಹೋಗುವುದು.

ಮಗುವಿನ ಜೇಬಿನಲ್ಲಿ ಪೋಷಕರ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ. ಮಗುವಿನ ಹೆಸರನ್ನು ಹೊರಗೆ ಕಾಣುವಂತೆ ಬರೆಯುವುದು ಬೇಡ. ಮಗು ಕಾಣದಾದಲ್ಲಿ ಒಬ್ಬರು ಕೂಡಲೇ ನಿರ್ಗಮನ ದ್ವಾರಕ್ಕೆ ಹೋಗಿ ನಿಲ್ಲುವುದು, ಮತ್ತೊಬ್ಬರು ಸಿಬ್ಬಂದಿಗೆ ತಿಳಿಸುವುದು. ತುರ್ತು ಸಂದರ್ಭದಲ್ಲಿ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ತೊಟ್ಟಿಯ ಕಟ್ಟೆಯ ಮೇಲೆ ಮಗುವನ್ನು ನಿಲ್ಲಿಸುವುದು, ಗಾಜಿಗೆ ಒರಗಿಸುವುದು, ವಿದ್ಯುತ್ ತಂತಿ ಹಾಗೂ ಗಾಳಿಯಂತ್ರಗಳಿರುವ ಭಾಗಕ್ಕೆ ಬಿಡುವುದು ಕಡ್ಡಾಯವಾಗಿ ನಿಷಿದ್ಧ. ತೆರೆದ ಕೊಳದ ಬಳಿ ಮಗುವಿನ ಕೈ ಬಿಡಬಾರದು.

9. ಸತ್ತ ಮೀನು ಕಂಡುಬಂದಲ್ಲಿ

ಎಷ್ಟೇ ಉತ್ತಮ ನಿರ್ವಹಣೆಯಿದ್ದರೂ ಜೀವಿಗಳಿರುವಲ್ಲಿ ಸಾವೂ ಇರುತ್ತದೆ. ಮೀನೊಂದು ಮಗ್ಗುಲಾಗಿ ತೇಲುತ್ತಿರುವುದನ್ನು ಮೊದಲು ಗಮನಿಸುವುದು ಬಹುಪಾಲು ಮಕ್ಕಳೇ. ಕೂಡಲೇ ಸಿಬ್ಬಂದಿಗೆ ತಿಳಿಸುವುದು ಪೋಷಕರ ಕರ್ತವ್ಯ. ಸತ್ತ ಮೀನನ್ನು ಬೇಗ ತೆಗೆದಷ್ಟೂ ಉಳಿದ ಮೀನುಗಳ ನೀರು ಶುದ್ಧವಾಗಿರುತ್ತದೆ.

ಮಗುವಿಗೆ "ಅದು ಮಲಗಿದೆ" ಎಂದು ಹೇಳುವುದು ಸೂಕ್ತವಲ್ಲ. ಮೀನು ಸತ್ತಿದೆ, ಅದಕ್ಕೆ ಈಗ ನೋವಿಲ್ಲ, ಇತರ ಮೀನುಗಳನ್ನು ನೋಡಿಕೊಳ್ಳಲು ಜನರಿದ್ದಾರೆ ಎಂದು ಸರಳವಾಗಿ ತಿಳಿಸುವುದು ಸಾಕು. ತಾನು ಕಂಡದ್ದನ್ನು ದೊಡ್ಡವರು ನಂಬಿ ಸಿಬ್ಬಂದಿಗೆ ತಿಳಿಸಿದರು ಎಂಬುದೇ ಮಗುವಿಗೆ ಒಂದು ಸಮಾಧಾನ.

10. ಮನೆಗೆ ಮೀನು ತರುವ ಮುನ್ನ

ಮತ್ಸ್ಯಾಲಯದಿಂದ ಹೊರಬಂದ ಮಗುವಿನ ಮೊದಲ ಬೇಡಿಕೆ "ನಮಗೂ ಒಂದು ಮೀನು ಬೇಕು" ಎಂಬುದು. ದಾರಿಯಲ್ಲಿಯೇ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಚಿನ್ನದ ಮೀನು, ಒಂದು ಗುಂಡು ಗಾಜಿನ ಪಾತ್ರೆ ಕೊಂಡು ಮನೆಗೆ ತರಲಾಗುತ್ತದೆ. ಒಂದೆರಡು ವಾರದಲ್ಲಿ ಮೀನು ಸಾಯುತ್ತದೆ. ಮಗು ತನ್ನದೇ ತಪ್ಪೆಂದು ಭಾವಿಸುತ್ತದೆ. ಮೀನು ಸತ್ತದ್ದು ಮಗುವಿನ ತಪ್ಪಿನಿಂದಲ್ಲ, ಸಿದ್ಧತೆಯ ಕೊರತೆಯಿಂದ.

ಕಾರಣ ಹೀಗಿದೆ: ಮೀನು ವಿಸರ್ಜಿಸುವ ಅಮೋನಿಯಾವನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿ ಪರಿವರ್ತಿಸುವುದು ಶೋಧಕದಲ್ಲಿ ಮತ್ತು ಕಲ್ಲುಗಳ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು. ಹೊಸ ತೊಟ್ಟಿಯಲ್ಲಿ ಇವು ಸಾಕಷ್ಟು ಬೆಳೆಯಲು ಸುಮಾರು 4ರಿಂದ 6 ವಾರ ಬೇಕು. ಹೊಸ ಪಾತ್ರೆಯ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಮೀನು ತನ್ನದೇ ವಿಸರ್ಜನೆಯಲ್ಲಿ ವಿಷಕ್ಕೆ ಒಳಗಾಗುತ್ತದೆ.

ಲೆಕ್ಕದಿಂದಲೂ ಇದನ್ನು ತಿಳಿಯಬಹುದು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತೊಟ್ಟಿಯು ತುಂಬಿದಾಗ 54 ಲೀಟರ್ ನೀರು ಹಿಡಿಯುತ್ತದೆ. ಗುಂಡು ಪಾತ್ರೆಯಲ್ಲಿ 5 ಲೀಟರ್ ಮಾತ್ರ. ಅಷ್ಟೇ ಕಲ್ಮಶವು ಚಿಕ್ಕ ಪಾತ್ರೆಯಲ್ಲಿ ಹತ್ತು ಪಟ್ಟಿಗೂ ಹೆಚ್ಚು ಸಾಂದ್ರವಾಗುತ್ತದೆ. 54 ಲೀಟರ್ ನೀರಿನ ತೂಕವೇ 54 ಕಿ.ಗ್ರಾಂ. ಆಗುವುದರಿಂದ ತೊಟ್ಟಿಯನ್ನಿರಿಸುವ ಮೇಜು ಗಟ್ಟಿಯಾಗಿರಬೇಕು ಮತ್ತು ಮಗು ಎಳೆದಾಡಲು ಸಾಧ್ಯವಾಗದಂತಿರಬೇಕು.

ಕೊಳ್ಳಲು ನಿರ್ಧರಿಸಿದಲ್ಲಿ ಅನುಸರಿಸಬೇಕಾದ ಕ್ರಮ:

– ಮೊದಲು ತೊಟ್ಟಿ ಮತ್ತು ಶೋಧಕವನ್ನು ಕೊಂಡು, ಮೀನಿಲ್ಲದೆ ಕೆಲವು ವಾರ ನಡೆಸುವುದು. ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಚಿಟಿಕೆಯಷ್ಟು ಮೀನಿನ ಆಹಾರವನ್ನು ಆಗಾಗ ಹಾಕುವುದು.
– ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ 24 ಗಂಟೆ ತೆರೆದಿಟ್ಟು ಬಳಸುವುದು.
– ಆರಂಭದಲ್ಲಿ ಎರಡು ಮೂರು ಗಪ್ಪಿಯಂತಹ ಚಿಕ್ಕ, ಗಟ್ಟಿಮುಟ್ಟಾದ ಮೀನುಗಳನ್ನು ಮಾತ್ರ ಬಿಡುವುದು.
– ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ಮಾತ್ರ ಹಾಕುವುದು.
– ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸುವುದು. ಪೂರ್ತಿ ನೀರು ಬದಲಿಸಿ ಎಲ್ಲವನ್ನೂ ಉಜ್ಜಿ ತೊಳೆದಲ್ಲಿ ಉಪಯುಕ್ತ ಸೂಕ್ಷ್ಮಜೀವಿಗಳೂ ನಾಶವಾಗುತ್ತವೆ.
– ವಿದ್ಯುತ್ ಕಡಿತದಲ್ಲಿ ಗಾಳಿಯಂತ್ರ ನಿಲ್ಲುವುದನ್ನು ಗಮನದಲ್ಲಿರಿಸಿ ಮೀನಿನ ಸಂಖ್ಯೆ ಕಡಿಮೆ ಇರಿಸುವುದು.
– ನೀರು ಮುಟ್ಟಿದ ಬಳಿಕ ಮಗುವಿನ ಕೈಯನ್ನು ಸಾಬೂನಿನಿಂದ ತೊಳೆಸುವುದು.

ಆಹಾರ ಹಾಕುವುದು ಮಗುವಿನ ಸಂತೋಷದ ಕೆಲಸವಾಗಬಹುದು. ಆದರೆ ನೀರು ಬದಲಿಸುವುದು, ರೋಗ ಗಮನಿಸುವುದು, ರಜೆಯಲ್ಲಿ ಊರಿಗೆ ಹೋಗುವಾಗ ವ್ಯವಸ್ಥೆ ಮಾಡುವುದು ದೊಡ್ಡವರ ಕೆಲಸ. ಅದಕ್ಕೆ ಸಮಯವಿಲ್ಲದ ಮನೆಯಲ್ಲಿ ಮೀನು ಸಾಕದಿರುವುದೇ ಮೀನಿಗೆ ತೋರಿಸುವ ದಯೆ. ಅಂತಹ ಮಗುವನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ಸ್ಯಾಲಯಕ್ಕೆ ಕರೆತರಬಹುದು.

11. ಬೇಡವಾದ ಮೀನನ್ನು ಕೆರೆಗೆ ಬಿಡಬಾರದು

ಸಾಕಲಾಗದ ಮೀನನ್ನು "ಪಾಪ, ಬದುಕಲಿ" ಎಂದು ಹತ್ತಿರದ ಕೆರೆಗೋ ಬಾವಿಗೋ ಬಿಡುವವರಿದ್ದಾರೆ. ಉದ್ದೇಶ ಒಳ್ಳೆಯದಾದರೂ ಪರಿಣಾಮ ಕೆಟ್ಟದ್ದು. ತೊಟ್ಟಿಯ ಗಾಜನ್ನು ಶುಚಿಗೊಳಿಸುವುದೆಂದು ಮಾರಾಟವಾಗುವ, ದಕ್ಷಿಣ ಅಮೆರಿಕ ಮೂಲದ ಸಕ್ಕರ್ ಮೀನು ಹೀಗೆಯೇ ದೇಶದ ಅನೇಕ ಕೆರೆ ಹೊಳೆಗಳನ್ನು ಸೇರಿ ಹೆಚ್ಚಿದೆ. ಗಡಸು ಕವಚವಿರುವ ಈ ಮೀನನ್ನು ಇತರ ಮೀನುಗಳು ತಿನ್ನುವುದು ಕಷ್ಟ. ಇದು ಪಾಚಿಯನ್ನು ತಿಂದು ಸ್ಥಳೀಯ ಮೀನುಗಳ ಆಹಾರ ಕಡಿಮೆ ಮಾಡುತ್ತದೆ, ದಡವನ್ನು ಕೊರೆಯುತ್ತದೆ, ಮೀನುಗಾರರ ಬಲೆಗಳನ್ನು ಹರಿಯುತ್ತದೆ. ಬಲೆಗೆ ಬಿದ್ದರೂ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ನಗರದ ಒಂದು ಮನೆಯವರು ಹಗುರವಾಗಿ ಮಾಡಿದ ಕೆಲಸದ ನಷ್ಟವನ್ನು ಕೆರೆಯನ್ನೇ ನಂಬಿದ ಮೀನುಗಾರ ಕುಟುಂಬವು ಹೊರಬೇಕಾಗುತ್ತದೆ.

ಬೇಡವಾದ ಮೀನನ್ನು ಕೊಂಡ ಅಂಗಡಿಗೆ ಹಿಂದಿರುಗಿಸುವುದು ಅಥವಾ ಮೀನು ಸಾಕುವ ಪರಿಚಿತರಿಗೆ ನೀಡುವುದು ಸರಿಯಾದ ಮಾರ್ಗ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಬೆಳೆದು ದೊಡ್ಡದಾದ ಮೀನನ್ನು ಮತ್ಸ್ಯಾಲಯಕ್ಕೆ ಕೊಡಬಹುದೇ?
ಉತ್ತರ: ನೇರವಾಗಿ ತಂದು ತೊಟ್ಟಿಗೆ ಬಿಡಬಾರದು. ಹೊರಗಿನ ಮೀನಿನಿಂದ ರೋಗ ಹರಡುವ ಸಂಭವವಿರುವುದರಿಂದ ಅದನ್ನು ಕೆಲವು ದಿನ ಪ್ರತ್ಯೇಕವಾಗಿರಿಸಬೇಕಾಗುತ್ತದೆ. ಸ್ಥಳಾವಕಾಶ ಇದೆಯೇ ಎಂದು ಉಸ್ತುವಾರಿ ಅಧಿಕಾರಿಯನ್ನು ಮೊದಲು ವಿಚಾರಿಸುವುದು.

ಪ್ರಶ್ನೆ: ಮೀನಿನ ಬದಲು ನಕ್ಷತ್ರ ಆಮೆಯನ್ನು ಮಗುವಿಗೆ ಕೊಡಿಸಬಹುದೇ?
ಉತ್ತರ: ಸಾಧ್ಯವಿಲ್ಲ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯಡಿ ನಕ್ಷತ್ರ ಆಮೆಯನ್ನು ಕೊಳ್ಳುವುದು ಮತ್ತು ಸಾಕುವುದು ಅಪರಾಧ. ಅಲ್ಲದೆ ಆಮೆಗಳಿಂದ ಸಾಲ್ಮೊನೆಲ್ಲಾ ಸೋಂಕು ತಗಲುವ ಅಪಾಯ ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚು.

ಪ್ರಶ್ನೆ: ತೊಟ್ಟಿಯಲ್ಲಿ ಮೀನು ಬೇಸರಗೊಂಡಂತೆ ಒಂದೇ ಕಡೆ ನಿಂತಿದೆ. ಅದು ಅಸ್ವಸ್ಥವೇ?
ಉತ್ತರ: ಎಲ್ಲ ಸಂದರ್ಭದಲ್ಲಿಯೂ ಅಲ್ಲ. ಅನೇಕ ಮೀನುಗಳು ಹಗಲಿನಲ್ಲಿ ವಿಶ್ರಮಿಸುತ್ತವೆ. ರೆಕ್ಕೆಗಳು ಮುದುಡಿರುವುದು, ಮೈಮೇಲೆ ಬಿಳಿ ಚುಕ್ಕೆ, ಮೇಲ್ಮೈಯಲ್ಲಿ ಬಾಯಿ ಬಾಯಿ ಬಿಡುವುದು ಕಂಡುಬಂದಲ್ಲಿ ಸಿಬ್ಬಂದಿಗೆ ತಿಳಿಸುವುದು.

ಪ್ರಶ್ನೆ: ಜಿಲ್ಲೆಯಲ್ಲಿ ಮತ್ಸ್ಯಾಲಯ ಇಲ್ಲದವರು ಏನು ಮಾಡಬಹುದು?
ಉತ್ತರ: ತಾಲ್ಲೂಕು ಮಟ್ಟದ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಿ, ಸಮೀಪದ ಮೀನುಮರಿ ಪಾಲನಾ ಕೇಂದ್ರವನ್ನು ಮಕ್ಕಳಿಗೆ ತೋರಿಸಲು ಅವಕಾಶವಿದೆಯೇ ಎಂದು ವಿಚಾರಿಸಬಹುದು. ಊರಿನ ಕೆರೆಯ ಮೀನುಗಾರರು ಬಲೆ ಎಳೆಯುವ ಬೆಳಗಿನ ಹೊತ್ತಿನಲ್ಲಿ ದಡದಲ್ಲಿ ಸುರಕ್ಷಿತ ದೂರದಿಂದ ನೋಡುವುದೂ ಮಗುವಿಗೆ ಒಂದು ಪಾಠವೇ.

13. ಸಾರ್ವಜನಿಕರಲ್ಲಿ ಮನವಿ

ಹಿಂದಿರುಗುವ ದಾರಿಯಲ್ಲಿ ಮಗುವನ್ನು "ಎಷ್ಟು ಮೀನು ನೋಡಿದೆ?" ಎಂದು ಕೇಳುವ ಬದಲು, "ಯಾವ ಮೀನು ನೆನಪಿದೆ? ಅದು ಏನು ಮಾಡುತ್ತಿತ್ತು?" ಎಂದು ಕೇಳುವುದು. ಮನೆಯಲ್ಲಿ ಆ ಮೀನಿನ ಚಿತ್ರ ಬರೆಯಲು ಕಾಗದ ಕೊಡುವುದು. ಗಾಜನ್ನು ತಟ್ಟದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ನೋಡಲು ಕಲಿತ ಮಗು ಮುಂದೆ ಕೆರೆಯನ್ನೂ ಹೊಳೆಯನ್ನೂ ಅದೇ ಗೌರವದಿಂದ ನೋಡುತ್ತದೆ. ಈ ನಿಟ್ಟಿನಲ್ಲಿ ಪೋಷಕರು ಮತ್ತು ಶಿಕ್ಷಕರು ಸಹಕರಿಸಬೇಕೆಂದು ಕೋರಲಾಗಿದೆ.